ಹೆಸರು ಬರುವ ಹೊತ್ತು

ಚಿತ್ರದ ಆರಂಭದಲ್ಲಿ ಹೆಸರುಗಳು ಬರುವಾಗ ನೀವು ಪಕ್ಕದವರೊಡನೆ ಮಾತಿನಲ್ಲಿರುತ್ತೀರಿ, ಅಲ್ಲವೆ? ತಪ್ಪು ನಿಮ್ಮದೊಂದೇ ಅಲ್ಲ. ಹಿಂದೆ ಅಮೆರಿಕದ ಎಷ್ಟೋ ಚಿತ್ರಮಂದಿರಗಳಲ್ಲಿ ಹೆಸರುಗಳು ಮುಗಿದ ಮೇಲೆಯೇ ಪರದೆ ಸರಿಸುತ್ತಿದ್ದರಂತೆ.

1955ರಲ್ಲಿ ಆಟೋ ಪ್ರೆಮಿಂಜರ್ ನಿರ್ದೇಶಿಸಿದ ‘ದಿ ಮ್ಯಾನ್ ವಿತ್ ದಿ ಗೋಲ್ಡನ್ ಆರ್ಮ್’ ಚಿತ್ರಕ್ಕೆ ಶೀರ್ಷಿಕೆ ರಚಿಸಿದವರು ಸಾಲ್ ಬಾಸ್. ಕಪ್ಪು ತೆರೆಯ ಮೇಲೆ ಬಿಳಿಯ ಪಟ್ಟಿಗಳು ಮೂಡುತ್ತವೆ, ಸರಿದಾಡುತ್ತವೆ. ಹಿನ್ನೆಲೆಯಲ್ಲಿ ಎಲ್ಮರ್ ಬರ್ನ್‌ಸ್ಟೀನರ ಜಾಝ್ ಸಂಗೀತ. ಕೊನೆಗೆ ಪಟ್ಟಿಯೇ ಸೊಟ್ಟಗೆ ತಿರುಚಿದ ತೋಳಾಗುತ್ತದೆ. ಕಥಾನಾಯಕ ಇಸ್ಪೀಟೆಲೆ ಹಂಚುವುದರಲ್ಲಿ ನಿಪುಣ, ಹೆರಾಯಿನ್ ಚಟಕ್ಕೆ ಬಿದ್ದವನು. ಆ ಪಾತ್ರ ವಹಿಸಿದ ಫ್ರಾಂಕ್ ಸಿನಾಟ್ರಾರ ಮುಖವನ್ನು ಇಲ್ಲಿ ತೋರಿಸಿಲ್ಲ, ಕಥೆಯನ್ನೂ ಬಿಟ್ಟುಕೊಟ್ಟಿಲ್ಲ. ಆದರೂ ಏನೋ ಕೆಟ್ಟಿದೆಯೆಂಬ ಅಳುಕು ನಮ್ಮಲ್ಲಿ ಹುಟ್ಟಿಬಿಡುತ್ತದೆ. ಬರಿಯ ಅಂದದ ಅಕ್ಷರಗಳಿಂದ ಇದು ಆಗುವ ಕೆಲಸವಲ್ಲ.

ಈ ಚಿತ್ರದ ರೀಲುಡಬ್ಬಗಳ ಮೇಲೆ ಒಂದು ಚೀಟಿ ಅಂಟಿಸಿದ್ದರಂತೆ: ಶೀರ್ಷಿಕೆಗೆ ಮೊದಲೇ ಪರದೆ ಸರಿಸಿರಿ ಎಂದು.