ಉಬ್ಬಿದ ಕಣ್ಣೂ ಬೂದಿ ಮುಚ್ಚಿದ ಕೆಂಡವೂ

ಭದ್ರಾವತಿಯ ಜನರಿಗೆ ಕಬ್ಬಿಣದ ಗುಣವನ್ನು ಹೊಸದಾಗಿ ತಿಳಿಸಬೇಕಾಗಿಲ್ಲ. 1923ರಲ್ಲಿ ಅಲ್ಲಿಯ ಕಾರ್ಖಾನೆಯ ಕುಲುಮೆಯಿಂದ ಕಬ್ಬಿಣ ಹರಿಯತೊಡಗಿದಂದಿನಿಂದ, ಹೊರಗೆ ಕಪ್ಪಾಗಿ ಕಾಣುವ ಲೋಹವು ಒಳಗೆ ಇನ್ನೂ ಸುಡುತ್ತಿರಬಹುದೆಂಬುದನ್ನು ಅಲ್ಲಿಯ ಮನೆಮನೆಯವರೂ ಬಲ್ಲರು. ಥೈರಾಯ್ಡ್ ರೋಗದಿಂದ ಕಣ್ಣು ಉಬ್ಬಿದವರ ವಿಷಯದಲ್ಲಿಯೂ ವೈದ್ಯರು ಮೊದಲು ಕೇಳಬೇಕಾದುದು ಇದೇ ಪ್ರಶ್ನೆ: ಒಳಗಿನ ಕಾವು ಇನ್ನೂ ಇದೆಯೋ, ಆರಿಹೋಯಿತೋ?

ಕೊರಳ ಮುಂಭಾಗದಲ್ಲಿ ಚಿಟ್ಟೆಯಾಕಾರದ ಥೈರಾಯ್ಡ್ ಗ್ರಂಥಿಯಿದೆ. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ದಾರಿತಪ್ಪಿ ಈ ಗ್ರಂಥಿಯನ್ನು ಕೆರಳಿಸಿದರೆ, ಎದೆ ಡವಗುಟ್ಟುವುದು, ಕೈ ನಡುಗುವುದು, ಚೆನ್ನಾಗಿ ಉಂಡರೂ ಮೈ ಇಳಿಯುವುದು. ಡಬ್ಲಿನ್ ನಗರದ ವೈದ್ಯ ರಾಬರ್ಟ್ ಗ್ರೇವ್ಸ್ ಇದನ್ನು 1835ರಲ್ಲಿ ವರ್ಣಿಸಿದುದರಿಂದ ಇದಕ್ಕೆ ಅವನ ಹೆಸರೇ ನಿಂತಿದೆ. ಅದೇ ಶಕ್ತಿಯು ಕಣ್ಣಿನ ಹಿಂದಿನ ಕೊಬ್ಬನ್ನೂ ಸ್ನಾಯುಗಳನ್ನೂ ಬಾಧಿಸಿದಾಗ ಅವು ಊದಿಕೊಳ್ಳುವುವು. ಸುತ್ತಲೂ ಎಲುಬಿನ ಗೋಡೆಯಿರುವುದರಿಂದ ಕಣ್ಣುಗುಡ್ಡೆಯು ಮುಂದಕ್ಕೆ ಸರಿಯುವುದು. ಕೆಲವರಿಗೆ ಒಂದು ವಸ್ತು ಎರಡಾಗಿ ಕಾಣುವುದೂ ಉಂಟು. ಇದು ಸ್ತ್ರೀಯರಲ್ಲಿ ಹೆಚ್ಚು; ಬೀಡಿ ಸಿಗರೇಟು ಸೇದುವವರಲ್ಲಿ ಉಗ್ರ. ಅಯೋಡಿನ್ನಿನ ಕೊರತೆಯಿಂದ ಬರುವ ಗಳಗಂಡವು ಬೇರೆ, ಈ ವ್ಯಾಧಿಯು ಬೇರೆ. ಅಯೋಡಿನ್ ಬೆರೆತ ಉಪ್ಪನ್ನು ಹೆಚ್ಚಾಗಿ ತಿಂದು ಇದನ್ನು ವಾಸಿಮಾಡಲಾಗದು.

ಈ ನೇತ್ರವ್ಯಾಧಿಗೆ ಎರಡು ಅವಸ್ಥೆಗಳಿವೆ. ಮೊದಲನೆಯದರಲ್ಲಿ ಉರಿಯೂತವು ಜೀವಂತವಾಗಿರುವುದು. ಕೆಲವು ತಿಂಗಳುಗಳಿಂದ ಒಂದೆರಡು ವರ್ಷಗಳವರೆಗೆ ಅದು ನಡೆಯಬಹುದು. ಆಮೇಲೆ ಕಾವು ತಾನಾಗಿ ಆರಿ, ಸ್ನಾಯುಗಳಲ್ಲಿ ನಾರು ಬೆಳೆದು ಗಡುಸಾಗುವುವು. ಕಬ್ಬಿಣವನ್ನು ಕಾದಿರುವಾಗಲೇ ಬಡಿಯಬೇಕಲ್ಲವೆ? ಹಾಗೆಯೇ ಉರಿಯೂತವನ್ನು ಇಳಿಸುವ ಸ್ಟೆರಾಯ್ಡ್ ಮೊದಲಾದ ಔಷಧಗಳು ಮೊದಲನೆಯ ಅವಸ್ಥೆಯಲ್ಲಿ ಮಾತ್ರ ಫಲಕೊಡುವುವು. ಆರಿದ ಕಣ್ಣಿಗೆ ಅವನ್ನು ಕೊಟ್ಟರೆ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ಭಯವೇ ಹೊರತು ಲಾಭವಿಲ್ಲ. ಅಂಥವರಿಗೆ ಶಸ್ತ್ರಚಿಕಿತ್ಸೆಯೇ ಮಾರ್ಗ. ವಿಪತ್ತೆಂದರೆ, ಎರಡು ಅವಸ್ಥೆಗಳಲ್ಲಿಯೂ ಕಣ್ಣು ಒಂದೇ ಸಮನಾಗಿ ಉಬ್ಬಿ ಕಾಣಬಹುದು.

ನೋವು, ಕೆಂಪು, ಬಾವು ಮೊದಲಾದ 7 ಲಕ್ಷಣಗಳನ್ನು ವೈದ್ಯರು ಎಣಿಸುವರು. 3 ಅಥವಾ ಹೆಚ್ಚು ಇದ್ದರೆ ಕಾವು ಇದೆಯೆಂದು ತಿಳಿಯುವರು. ಸಂದೇಹ ಉಳಿದಲ್ಲಿ ವಿಕಿರಣದ ಪರೀಕ್ಷೆಯು ನೆರವಾಗುವುದು. 1937ರಲ್ಲಿ ಕಂಡುಹಿಡಿಯಲಾದ ಟೆಕ್ನೀಷಿಯಂ ಎಂಬ ಧಾತುವಿನ ಒಂದು ರೂಪವನ್ನು, ಮಾಲಿಬ್ಡಿನಂ ತುಂಬಿದ ಪಾತ್ರೆಯಿಂದ, ಹಸುವಿನಿಂದ ಹಾಲು ಕರೆದಂತೆ, ಆಗಾಗ ಇಳಿಸಿಕೊಳ್ಳುವರು. ಡಿಟಿಪಿಎ ಎಂಬ ದ್ರವ್ಯದೊಡನೆ ಬೆರೆಸಿ ಅದನ್ನು ರಕ್ತನಾಳಕ್ಕೆ ಚುಚ್ಚುವರು. ಉರಿಯೂತವಿದ್ದಲ್ಲಿ ಸಣ್ಣ ರಕ್ತನಾಳಗಳು ಸೋರುವುದರಿಂದ ಅದು ಕಣ್ಣಿನ ಸ್ನಾಯುಗಳಲ್ಲಿ ಹೆಚ್ಚಾಗಿ ತಂಗುವುದು. ತಲೆಯ ಸುತ್ತ ತಿರುಗುವ ಸ್ಪೆಕ್ಟ್ ಯಂತ್ರವು ಅದರಿಂದ ಹೊಮ್ಮುವ ಕಿರಣಗಳನ್ನು ಹಿಡಿದು ಚಿತ್ರ ಬರೆಯುವುದು. ಆ ಜಾಗ ಚಿತ್ರದಲ್ಲಿ ಬೆಳಗಿದರೆ ಕೆಂಡವಿದೆ, ಮಂಕಾಗಿದ್ದರೆ ಬೂದಿಯಷ್ಟೆ. ಈ ದ್ರವ್ಯದ ವಿಕಿರಣವು 6 ಗಂಟೆಗೊಮ್ಮೆ ಅರ್ಧವಾಗುವುದರಿಂದ, ಒಂದು ದಿನ ಕಳೆಯುವಷ್ಟರಲ್ಲಿ ಹದಿನಾರರಲ್ಲಿ ಒಂದು ಪಾಲು ಮಾತ್ರ ಉಳಿಯುವುದು. ಬಹುಭಾಗವು ಮೂತ್ರದಲ್ಲಿಯೇ ಹೋಗಿಬಿಡುವುದು. ಗರ್ಭಿಣಿಯರೂ ಮೊಲೆಯೂಡಿಸುವ ತಾಯಂದಿರೂ ಮುಂಚೆಯೇ ತಿಳಿಸತಕ್ಕದ್ದು.

ಈ ಪರೀಕ್ಷೆಯು ಎಲ್ಲರಿಗೂ ಬೇಕಾದುದಲ್ಲ. ಶಿವಮೊಗ್ಗೆಯ ಮೆಗ್ಗಾನ್ ಆಸ್ಪತ್ರೆಯಲ್ಲಿಯೋ ಹರಕೆರೆಯ ಶಂಕರ ಕಣ್ಣಿನ ಆಸ್ಪತ್ರೆಯಲ್ಲಿಯೋ ಮೊದಲು ಕಣ್ಣು ತೋರಿಸಿ, ಥೈರಾಯ್ಡಿನ ರಕ್ತಪರೀಕ್ಷೆ ಮಾಡಿಸಿಕೊಂಡು, ವೈದ್ಯರು ಸೂಚಿಸಿದರೆ ಮಾತ್ರ ಬೆಂಗಳೂರು ಅಥವಾ ಮಣಿಪಾಲದ ದೊಡ್ಡ ಆಸ್ಪತ್ರೆಗಳಿಗೆ ಪ್ರಯಾಣ ಬೆಳೆಸುವುದು ವಿವೇಕ. ಕೊರಳಿನ ಗ್ರಂಥಿಯ ಸ್ಕ್ಯಾನ್ ಬೇರೆ, ಕಣ್ಣಿನದು ಬೇರೆ. ಬರೆದುಕೊಟ್ಟುದು ಯಾವುದೆಂದು ಕೇಳಿ ತಿಳಿಯಿರಿ.

ಇನ್ನೊಂದು ಎಚ್ಚರಿಕೆ. ಗ್ರಂಥಿಯನ್ನು ತಣಿಸಲು 1941ರಿಂದ ಬಳಕೆಗೆ ಬಂದ ವಿಕಿರಣದ ಅಯೋಡಿನ್ ಚಿಕಿತ್ಸೆಯು ಕೆಲವರಲ್ಲಿ ಕಣ್ಣಿನ ಕಾವನ್ನು ಹೆಚ್ಚಿಸುವುದು. ಧೂಮಪಾನಿಗಳಲ್ಲಿ ಈ ಅಪಾಯ ವಿಶೇಷ. ಆದುದರಿಂದ ಕಣ್ಣಿನ ಬಾಧೆಯಿರುವವರು ಆ ಚಿಕಿತ್ಸೆಗೆ ಒಪ್ಪುವ ಮೊದಲು ಅದನ್ನು ಹೇಳಲೇಬೇಕು.

ಮನೆಯಲ್ಲಿ ಯಾರ ಕಣ್ಣಾದರೂ ಉಬ್ಬುತ್ತಿದ್ದರೆ ದೃಷ್ಟಿ ತಗುಲಿತೆಂದು ನಿವಾಳಿಸಿ ಸುಮ್ಮನಿರಬಾರದು. ಹಳೆಯ ಭಾವಚಿತ್ರವೊಂದನ್ನು ವೈದ್ಯರಿಗೆ ತೋರಿಸಿದರೆ ಬದಲಾವಣೆಯು ಬೇಗ ತಿಳಿಯುವುದು. ಬೀಡಿಯನ್ನು ಅಂದೇ ಬಿಡಿಸಿರಿ. ಬಣ್ಣಗಳು ಮಾಸಿ ಕಂಡರೆ, ನೋಟ ಕುಂದಿದರೆ, ರೆಪ್ಪೆ ಪೂರ್ತಿ ಮುಚ್ಚದಿದ್ದರೆ, ಯಾವ ಸ್ಕ್ಯಾನಿಗೂ ಕಾಯದೆ ಆ ದಿನವೇ ನೇತ್ರವೈದ್ಯರ ಬಳಿಗೆ ಹೋಗತಕ್ಕದ್ದು. ಒಮ್ಮೆ ನೇತ್ರನರವು ಕೆಟ್ಟಮೇಲೆ ಕಳೆದ ದೃಷ್ಟಿ ಮರಳುವುದು ದುರ್ಲಭ.