ಮಂದೆಯೇ ಬಿತ್ತುವ ಬಳ್ಳಾರಿ ಜಾಲಿ

ಬಿರುಬೇಸಿಗೆಯಲ್ಲಿ ಬಯಲು ಒಣಗಿ ನಿಂತಾಗಲೂ ಬಳ್ಳಾರಿ ಜಾಲಿ ಹಳದಿ ಕಾಯಿ ಬಿಡುತ್ತದೆ. ಆ ಸಿಹಿ ಕಾಯಿಗೆ ಕುರಿ, ಮೇಕೆ, ದನ ಎಲ್ಲವೂ ಮುಗಿಬೀಳುತ್ತವೆ. ಮೇವಿಲ್ಲದ ದಿನಗಳಲ್ಲಿ ಕುರಿಗಾಹಿಗೆ ಅದು ಆಸರೆ, ಸುಳ್ಳಲ್ಲ. ಆದರೆ ಈ ಆಸರೆಯ ಬೆಲೆ ಏನೆಂದು ತಿಳಿಯಲು ಗುಜರಾತಿನ ಕಚ್ಛ್ ನೋಡಬೇಕು.

ಅಲ್ಲಿನ ಬನ್ನಿ ಹುಲ್ಲುಗಾವಲು ಸುಮಾರು 2,500 ಚದರ ಕಿ.ಮೀ. ಪಕ್ಕದ ಉಪ್ಪುಮರುಭೂಮಿ ರಣ್‌ನ ಉಪ್ಪು ಮುಂದೊತ್ತದಿರಲೆಂದು ಅರಣ್ಯ ಇಲಾಖೆ 1961ರಲ್ಲಿ ಈ ಗಿಡ ಹಾಕಿಸಿತು. ಉಪ್ಪುಮಣ್ಣನ್ನೂ ಬರವನ್ನೂ ತಾಳುವ, ಅಮೆರಿಕ ಖಂಡದ ಮುಳ್ಳುಪೊದೆ ಇದು. ವಿಜ್ಞಾನಿಗಳಿಗೆ ಪ್ರೊಸೋಪಿಸ್ ಜೂಲಿಫ್ಲೋರಾ. ಇಂದು ಬನ್ನಿಯ ಅರ್ಧದಷ್ಟು ನೆಲ ಅದರ ವಶ.

ಹಬ್ಬಿಸಿದ್ದು ಮುಖ್ಯವಾಗಿ ಮಂದೆಗಳೇ. ಒಂದು ಕಾಯಿಯಲ್ಲಿ ಹತ್ತಾರು ಬೀಜ. ಸಿಪ್ಪೆ ಎಷ್ಟು ಗಟ್ಟಿಯೆಂದರೆ ಬಹಳಷ್ಟು ಬೀಜಗಳು ದನದ ಹೊಟ್ಟೆಯಲ್ಲಿ ಕರಗದೆ ಸಗಣಿಯೊಂದಿಗೆ ಹೊರಬೀಳುತ್ತವೆ. ಜೀರ್ಣರಸ ಸಿಪ್ಪೆಯನ್ನು ಸಡಿಲಿಸಿರುತ್ತದೆ, ಸಗಣಿಯ ತೇವ, ಗೊಬ್ಬರ ಜೊತೆಗಿರುತ್ತದೆ. ಮೊಳಕೆಗೆ ಇನ್ನೇನು ಬೇಕು? ಆಡು ಮುಟ್ಟದ ಸೊಪ್ಪಿಲ್ಲ ಅನ್ನುತ್ತೇವೆ. ಇದರ ಕಹಿ ಎಲೆಗೆ ಆಡೂ ಬಾಯಿ ಹಾಕುವುದು ಅಪರೂಪ. ಹಾಗಾಗಿ ಹುಟ್ಟಿದ ಸಸಿಯನ್ನು ಮೇಯುವವರಿಲ್ಲ. ಅದರ ನೆರಳಲ್ಲಿ ಹುಲ್ಲು ಸೊರಗುತ್ತದೆ, ಹುಲ್ಲು ಹೋದಂತೆ ಕಾಯಿಯ ಮೇಲಿನ ಅವಲಂಬನೆ ಹೆಚ್ಚುತ್ತದೆ.

ಆ ಅವಲಂಬನೆಯೇ ಅಪಾಯ. ಬ್ರೆಜಿಲ್‌ನ ಈಶಾನ್ಯ ಭಾಗದಲ್ಲಿ ಬಹುಕಾಲ ಈ ಕಾಯಿಯನ್ನೇ ಮುಖ್ಯ ಮೇವಾಗಿ ತಿಂದ ದನಗಳ ದವಡೆಯ ಸ್ನಾಯುಗಳು ಸೊರಗಿದವು. ಮೆಲುಕು ಹಾಕಲಾಗದೆ, ಜೊಲ್ಲು ಸುರಿಸುತ್ತಾ ಅವು ಬಡಕಲಾದವು. ಕಾಯಿಯಲ್ಲಿರುವ ಆಲ್ಕಲಾಯ್ಡ್‌ಗಳು ದವಡೆ ಆಡಿಸುವ ನರಕೋಶಗಳನ್ನೇ ಕೆಡಿಸುತ್ತವೆ. ಕೆನ್ಯಾದ ಬರಿಂಗೊದಲ್ಲಿ ಇದೇ ಕಾಯಿ ತಿಂದ ಆಡುಗಳ ಹಲ್ಲು ಉದುರಿದವು. ಇಲ್ಚಾಮುಸ್ ಪಶುಪಾಲಕರು ಸರ್ಕಾರದ ವಿರುದ್ಧ ಮೊಕದ್ದಮೆ ಹೂಡಿ, ಹಲ್ಲಿಲ್ಲದ ಆಡನ್ನು ಸಾಕ್ಷಿಯಾಗಿ ಕೋರ್ಟಿಗೇ ತಂದರು.

ನಮ್ಮಲ್ಲೂ ಬಳ್ಳಾರಿ, ರಾಯಚೂರು, ಕೊಪ್ಪಳ, ಚಿತ್ರದುರ್ಗದ ಕೆರೆಯಂಗಳ, ಹಳ್ಳದ ದಂಡೆ, ಗೋಮಾಳಗಳಲ್ಲಿ ಜಾಲಿ ಹಬ್ಬಿದೆ. ಇದ್ದಿಲಿಗೆಂದು ಕಡಿದರೆ ಸಾಲದು, ಬೊಡ್ಡೆಯಿಂದ ಮತ್ತೆ ಚಿಗುರುತ್ತದೆ, ಬೇರುಸಮೇತ ಕೀಳಬೇಕು. ಹೊಲದಲ್ಲಿ ಕುರಿ ತರುಬಿಸುವ ರೈತರು ಆ ಮಂದೆ ಎಲ್ಲಿ ಮೇದು ಬಂದಿದೆಯೆಂದು ಕೇಳಲೇಬೇಕು.

ಕುರಿಗಾಹಿಗಳಲ್ಲಿ ನನ್ನ ಕೋರಿಕೆ ಇಷ್ಟೆ: ಕಾಯಿಯನ್ನು ಇಡಿಯಾಗಿ ತಿನ್ನಿಸಬೇಡಿ. ಒಣಗಿಸಿ, ಬೀಜವೂ ನುಚ್ಚಾಗುವಂತೆ ಗಿರಣಿಯಲ್ಲಿ ಒಡೆಸಿ, ಬೇರೆ ಮೇವಿನೊಂದಿಗೆ ಸ್ವಲ್ಪವೇ ಬೆರೆಸಿ ಕೊಡಿ. ಜಾಲಿ ಮೇದ ಮಂದೆಯನ್ನು ಒಂದು ವಾರವಾದರೂ ದೊಡ್ಡಿಯಲ್ಲಿಟ್ಟು, ಆಮೇಲೆ ಹೊಸ ಹುಲ್ಲುಗಾವಲಿಗೆ ಹೊಡೆಯಿರಿ.