ಬಾಯಲ್ಲೇ ಇರುವ ಹೆಸರು

ಇತಿಹಾಸದ ಪಾಠದ ನಡುವೆ ಶಿಕ್ಷಕರು ವಿಜಯನಗರದ ಅರಸನೊಬ್ಬನ ಹೆಸರನ್ನು ಕೇಳುತ್ತಾರೆ. ವಿದ್ಯಾರ್ಥಿನಿಯೊಬ್ಬಳು ಎದ್ದು ನಿಲ್ಲುತ್ತಾಳೆ. ಆತ ರಾಯಚೂರಿನ ಯುದ್ಧವನ್ನು ಗೆದ್ದವನು, ತೆಲುಗಿನಲ್ಲಿ ‘ಆಮುಕ್ತಮಾಲ್ಯದ’ವನ್ನು ರಚಿಸಿದವನು ಎಂದು ಆಕೆ ಬಲ್ಲಳು, ಕೃಷ್ಣದೇವರಾಯ ಎಂಬ ಹೆಸರು ಮಾತ್ರ ಹೊರಬಾರದು. “ಬಾಯಲ್ಲೇ ಇದೆ” ಎಂದು ತಲೆ ತಗ್ಗಿಸುತ್ತಾಳೆ. ಹೆಸರಿಗಷ್ಟೇ ಅಂಕ ನೀಡುವ ತರಗತಿಯಲ್ಲಿ ಅವಳಿಗೆ ದೊರೆಯುವುದು ಸೊನ್ನೆ. ಅವಳು ಓದಿಲ್ಲವೆಂಬ ತೀರ್ಮಾನವೂ ಅದರೊಡನೆ ಸೇರಿಕೊಳ್ಳುತ್ತದೆ.

ಈ ತೀರ್ಮಾನ ಸರಿಯಲ್ಲ. 1986ರಲ್ಲಿ ವಿಕಿ ಬ್ರೂಸ್ ಮತ್ತು ಆಂಡ್ರ್ಯೂ ಯಂಗ್ ಎಂಬ ಬ್ರಿಟಿಷ್ ಮನೋವಿಜ್ಞಾನಿಗಳು ವ್ಯಕ್ತಿಗಳನ್ನು ಗುರುತಿಸುವ ಕ್ರಿಯೆಯನ್ನು ಹಂತಗಳಾಗಿ ವಿವರಿಸಿದರು. ಮೊದಲು ಮುಖ ಪರಿಚಿತವೆನಿಸುತ್ತದೆ. ಬಳಿಕ ಆ ವ್ಯಕ್ತಿಯ ಊರು, ವೃತ್ತಿ, ಸಂಬಂಧಗಳು ನೆನಪಾಗುತ್ತವೆ. ಹೆಸರು ಬರುವುದು ಕಟ್ಟಕಡೆಗೆ. ಆದುದರಿಂದಲೇ ಎಲ್ಲವೂ ತಿಳಿದಿದ್ದು ಹೆಸರೊಂದೇ ಮರೆಯುವುದು ನಿತ್ಯದ ಅನುಭವ. ಹೆಸರು ಮಾತ್ರ ಹೊಳೆದು ಆ ವ್ಯಕ್ತಿ ಯಾರೆಂಬುದೇ ತಿಳಿಯದಿರುವುದು ಅತಿ ವಿರಳ.

ಇದರ ಕಾರಣವನ್ನು ಕನ್ನಡ ಶಿಕ್ಷಕರು ತಮ್ಮ ವ್ಯಾಕರಣ ಪಾಠದಿಂದಲೇ ಬಿಡಿಸಿಕೊಳ್ಳಬಹುದು. ‘ಕುಂಬಾರ’ ಎಂಬುದು ವೃತ್ತಿಯನ್ನು ಸೂಚಿಸಿದಾಗ ಅನ್ವರ್ಥನಾಮ. ಸೊಲ್ಲಾಪುರದ ಕಡೆಯ ಕುಟುಂಬವೊಂದರ ಅಡ್ಡಹೆಸರಾದಾಗ ಅದು ಅಂಕಿತನಾಮ. ಆ ಮನೆಯವರು ಬ್ಯಾಂಕಿನಲ್ಲಿ ದುಡಿಯುತ್ತಿರಬಹುದು. ಮೊದಲನೆಯದು ಮಣ್ಣು, ತಿಗರಿ, ಆವಿಗೆ, ಮಡಕೆ ಎಂಬ ಹಲವು ದಾರಿಗಳಿಂದ ನೆನಪಿಗೆ ಬರುತ್ತದೆ. ಎರಡನೆಯದಕ್ಕೆ ಇರುವುದು ಒಂದೇ ಕಾಲುಸಂಕ. 1987ರಲ್ಲಿ ಪ್ರಕಟವಾದ ಇಂಗ್ಲಿಷಿನ ಪ್ರಯೋಗವೊಂದು ಇದನ್ನೇ ತೋರಿಸಿತು. ಅಪರಿಚಿತ ಮುಖವೊಂದರ ಜೊತೆಗೆ ‘ಬೇಕರ್’ ಎಂಬ ಪದವನ್ನು ವೃತ್ತಿಯೆಂದು ಕಲಿತಾಗ ನೆನಪಿಸಿಕೊಳ್ಳುವುದು ಸುಲಭವಾಯಿತು, ಹೆಸರೆಂದು ಕಲಿತಾಗ ಕಷ್ಟವಾಯಿತು. ಪದ ಒಂದೇ, ಉಚ್ಚಾರಣೆಯೂ ಒಂದೇ.

ಇನ್ನೊಂದು ತೊಡಕೂ ಇದೆ. ‘ಕಮಲ’ ಎಂಬ ಹೂವಿನ ಹೆಸರು ಮರೆತರೆ ‘ತಾವರೆ’ ಎಂದು ಹೇಳಿ ಪಾರಾಗಬಹುದು. ಕಮಲಾ ಎಂಬ ಹುಡುಗಿಯನ್ನು ತಾವರೆ ಎಂದು ಕರೆಯಲಾಗದು.

ಮಿದುಳಿನ ಎಡಭಾಗದ ಟೆಂಪೊರಲ್ ಹಾಲೆಯ ಮುಂತುದಿಗೆ ಪೆಟ್ಟು ಬಿದ್ದವರಲ್ಲಿ ಕೆಲವರು ಪ್ರಸಿದ್ಧ ವ್ಯಕ್ತಿಯ ಚಿತ್ರ ಕಂಡು ಆತನ ಸಾಧನೆಯನ್ನು ವಿವರಿಸಬಲ್ಲರು, ಹೆಸರಿಸಲಾರರು. ತಿಳಿವಳಿಕೆಯೂ ಹೆಸರೂ ಬೇರೆ ಬೇರೆಯಾಗಿ ಕೆಡಬಹುದೆಂಬುದಕ್ಕೆ ಇದು ಸಾಕ್ಷಿ.

ತರಗತಿಗೆ ನೇರವಾಗಿ ಸಲ್ಲುವ ಸಂಗತಿಯೊಂದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಿಂದ 2008ರಲ್ಲಿ ಹೊರಬಂದಿತು. ನಾಲಗೆಯ ತುದಿಯಲ್ಲಿರುವ ಪದಕ್ಕಾಗಿ ಹತ್ತು ಸೆಕೆಂಡು ತಡಕಾಡಿದವರಿಗಿಂತ ಮೂವತ್ತು ಸೆಕೆಂಡು ತಡಕಾಡಿದವರು ಎರಡು ದಿನಗಳ ನಂತರ ಅದೇ ಪದದಲ್ಲಿ ಮತ್ತೆ ಹೆಚ್ಚಾಗಿ ಸಿಕ್ಕಿಕೊಂಡರು. ತಡಕಾಟವೂ ಒಂದು ಬಗೆಯ ಅಭ್ಯಾಸವೇ, ಆದರೆ ತಪ್ಪುದಾರಿಯ ಅಭ್ಯಾಸ. “ಯೋಚಿಸು, ಇನ್ನೂ ಯೋಚಿಸು” ಎಂದು ಮಗುವನ್ನು ನಿಲ್ಲಿಸಿಡುವುದು ಶಿಸ್ತಿನಂತೆ ತೋರಿದರೂ ಬೋಧನೆಯಲ್ಲ. ‘ಕೃ…’ ಎಂದು ಮೊದಲಕ್ಷರವನ್ನು ಎತ್ತಿಕೊಟ್ಟರೆ ಉಳಿದುದು ಹಲವು ವೇಳೆ ತಾನಾಗಿ ಬರುತ್ತದೆ. ಬಾರದಿದ್ದರೆ ಹೆಸರನ್ನು ಹೇಳಿಬಿಟ್ಟು, ತುಸು ಹೊತ್ತಿನ ಬಳಿಕ ಮತ್ತೆ ಕೇಳುವುದು ಲೇಸು.

ಗಡಿನಾಡಿನ ಮಗುವಿಗೆ ಒಂದೇ ಊರಿಗೆ ಎರಡು ಮೂರು ಹೆಸರುಗಳಿರುತ್ತವೆ. ಕಾಸರಗೋಡಿನ ಬಾಲಕನಿಗೆ ಮಂಗಳೂರು ತುಳುವಿನಲ್ಲಿ ಕುಡ್ಲ, ಮಲಯಾಳದಲ್ಲಿ ಮಂಗಲಾಪುರಂ. ಭೂಪಟದ ಮುಂದೆ ಅವನು ‘ಕುಡ್ಲ’ ಎಂದರೆ ಊರು ಅವನಿಗೆ ಗೊತ್ತಿದೆ. ಅದನ್ನು ಒಪ್ಪಿಕೊಂಡು, ಕನ್ನಡದ ಹೆಸರನ್ನು ಅವನಿಂದಲೇ ಒಮ್ಮೆ ಹೇಳಿಸಬೇಕು.

ಮಕ್ಕಳ ಹೆಸರು ನೆನಪಿರುವುದಿಲ್ಲವೆಂದು ಕೊರಗುವ ಶಿಕ್ಷಕರಿಗೂ ಇದೇ ಮಾತು ಅನ್ವಯಿಸುತ್ತದೆ. ವಯಸ್ಸಾದಂತೆ ಹೆಸರುಗಳು ತಡವಾಗಿ ಬರುವುದು ಸಹಜ, ಅದಷ್ಟೇ ರೋಗಲಕ್ಷಣವಲ್ಲ. 1978ರಲ್ಲಿ ಲ್ಯಾಂಡೌವರ್ ಮತ್ತು ಬ್ಯೋರ್ಕ್ ತೋರಿಸಿದಂತೆ, ಹೆಸರನ್ನು ಮೊದಲು ಬೇಗನೆ, ಆಮೇಲೆ ಅಂತರವನ್ನು ಹೆಚ್ಚಿಸುತ್ತ ನೆನಪಿನಿಂದ ಎತ್ತಿದರೆ ಅದು ನಿಲ್ಲುತ್ತದೆ. ಹಾಜರಿಯನ್ನು ಕ್ರಮಸಂಖ್ಯೆಯಿಂದ ಕೂಗುವ ಶಾಲೆಯಲ್ಲಿ ಈ ಅಭ್ಯಾಸಕ್ಕೆ ಅವಕಾಶವೇ ಇಲ್ಲ. ಹನ್ನೆರಡು ಮಕ್ಕಳ ತರಗತಿಯಲ್ಲಿ ಸಂಖ್ಯೆಯ ಅಗತ್ಯವಾದರೂ ಏನು? ಪುಸ್ತಕವನ್ನು ಮುಚ್ಚಿ, ಮುಖ ನೋಡಿ ಹೆಸರು ಕೂಗಲು ಮೂರು ನಿಮಿಷ ಸಾಕು.